ಉತ್ತರ ಬಾರದ ವಿನಂತಿ: ದೂರದ ಸಂಗ್ರಹ, ಕಾಲಮಿತಿ ಮತ್ತು ವರ್ತಕರ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳ ಯಾವ ವರ್ತಕರಿಗೂ ಈ ಸನ್ನಿವೇಶ ಅಪರಿಚಿತವಲ್ಲ. ಸಂಜೆಯ ಜನಸಂದಣಿಯ ಹೊತ್ತು. ಬಿ.ಸಿ.ರೋಡಿನ ಅಂಗಡಿಯೊಂದರಲ್ಲಿ ಗ್ರಾಹಕರೊಬ್ಬರು 4,800 ರೂಪಾಯಿಯ ಸಾಮಾನು ಕಟ್ಟಿಸಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಮೊಬೈಲಿನ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಖಾತೆಯಿಂದ ಹಣ ಕಡಿತವಾದ ಎಸ್‌ಎಂಎಸ್ ಬರುತ್ತದೆ. ಗಲ್ಲಾಪೆಟ್ಟಿಗೆಯ ಪಕ್ಕದ ಸೌಂಡ್‌ಬಾಕ್ಸ್ ಮಾತ್ರ ಸದ್ದು ಮಾಡುವುದಿಲ್ಲ. "ಹಣ ಹೋಗಿದೆ" ಎಂದು ಗ್ರಾಹಕರು, "ಬಂದಿಲ್ಲ" ಎಂದು ಅಂಗಡಿಯವರು. ಇಬ್ಬರ ಮಾತೂ ನಿಜವೇ. ಹಿಂದೆ ಸಾಲು ಬೆಳೆಯುತ್ತಿರುವಾಗ ಅಂಗಡಿಯವರ ಬಾಯಿಂದ ಸಹಜವಾಗಿ ಬರುವ ಮಾತು, "ಇನ್ನೊಮ್ಮೆ ಹಾಕಿಬಿಡಿ".

ಈ ಒಂದು ಮಾತಿನಲ್ಲಿ ಅಡಗಿರುವ ನಷ್ಟ ಸಣ್ಣದಲ್ಲ. ಗ್ರಾಹಕರು ಎರಡು ಬಾರಿ ಹಣ ತೆತ್ತರೆ ಮರುದಿನ ಜಗಳ. ನಂಬಿ ಸಾಮಾನು ಕೊಟ್ಟ ಮೇಲೆ ಹಣ ಹಿಂದಕ್ಕೆ ಹೋದರೆ ವರ್ತಕರ ಕೈಯಿಂದ ನಷ್ಟ. ಇಂತಹ ತೊಡಕು ಯುಪಿಐಗೆ ಮಾತ್ರ ಸೀಮಿತವಲ್ಲ. ಶಾಖೆಗಳ ಬಿಲ್ಲಿಂಗ್ ತಂತ್ರಾಂಶ, ಜಿಎಸ್‌ಟಿಯ ಇ-ಇನ್‌ವಾಯ್ಸ್, ಕ್ಲೌಡ್‌ನಲ್ಲಿಟ್ಟ ಹಳೆಯ ಲೆಕ್ಕಪತ್ರ, ಹೀಗೆ ಸಂದೇಶ ಕಳುಹಿಸಿ ಉತ್ತರಕ್ಕಾಗಿ ಕಾಯುವ ಪ್ರತಿಯೊಂದು ವ್ಯವಸ್ಥೆಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ: ನಿಗದಿತ ಕಾಲದೊಳಗೆ ಉತ್ತರ ಬಾರದಿದ್ದರೆ ಏನೆಂದು ತಿಳಿಯಬೇಕು?

ಮೂರನೆಯ ಉತ್ತರ

ಒಂದೇ ಕಂಪ್ಯೂಟರಿನಲ್ಲಿ ನಡೆಯುವ ಕೆಲಸಕ್ಕೆ ಸಾಮಾನ್ಯವಾಗಿ ಎರಡೇ ಫಲಿತಾಂಶಗಳು, ಆಯಿತು ಅಥವಾ ಆಗಲಿಲ್ಲ. ಕೆಲಸವು ಹಲವು ಕಂಪ್ಯೂಟರುಗಳ ನಡುವೆ ಹಂಚಿಹೋದಾಗ ಮೂರನೆಯದೊಂದು ಸೇರಿಕೊಳ್ಳುತ್ತದೆ: ತಿಳಿಯದು. ವಿನಂತಿಯೇ ದಾರಿಯಲ್ಲಿ ಕಳೆದುಹೋಗಿರಬಹುದು. ತಲಪಿದರೂ ಅತ್ತ ಕಡೆಯವರು ಕೆಲಸ ಆರಂಭಿಸದೆ ಇರಬಹುದು. ಕೆಲಸ ಪೂರ್ತಿ ಮುಗಿದು, "ಆಯಿತು" ಎಂಬ ಉತ್ತರವೇ ಹಿಂದಿರುಗುವ ಹಾದಿಯಲ್ಲಿ ಸಿಕ್ಕಿಬಿದ್ದಿರಬಹುದು. ಕಾದು ಕುಳಿತವರಿಗೆ ಈ ಮೂರೂ ಒಂದೇ ರೀತಿ ಕಾಣುತ್ತವೆ. ಕಾಲಮಿತಿ ಮುಗಿಯಿತೆಂದರೆ ಕಾಯುವವರ ತಾಳ್ಮೆ ಮುಗಿಯಿತು ಎಂದಷ್ಟೇ ಅರ್ಥ; ಅತ್ತ ಕಡೆ ಕೆಲಸ ಕೆಟ್ಟಿತೆಂದಲ್ಲ. ತಂತ್ರಾಂಶ ಬರೆಯುವವರೂ ಬಳಸುವವರೂ ಅತಿ ಹೆಚ್ಚಾಗಿ ಎಡವುವುದು ಇಲ್ಲಿಯೇ, "ತಿಳಿಯದು" ಎಂಬುದನ್ನು "ಆಗಲಿಲ್ಲ" ಎಂದು ಓದಿಕೊಳ್ಳುವಲ್ಲಿ.

ಹಿಂದಿನ ಕಾಲದ ವ್ಯಾಪಾರಿಗಳಿಗೆ ಈ ಮೂರನೆಯ ಉತ್ತರದ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ಘಟ್ಟದ ಮೇಲಿನ ಸರಕು ಬಂಟ್ವಾಳಕ್ಕೆ ಇಳಿದು, ನೇತ್ರಾವತಿಯಲ್ಲಿ ದೋಣಿಯೇರಿ ಮಂಗಳೂರು ಸೇರುತ್ತಿದ್ದ ದಿನಗಳಲ್ಲಿ, ದೋಣಿ ತಲಪಿದ ಸುದ್ದಿ ತಡವಾಯಿತೆಂದು ಯಾರೂ ಅದೇ ಸರಕನ್ನು ಇನ್ನೊಂದು ದೋಣಿಗೆ ತುಂಬುತ್ತಿರಲಿಲ್ಲ. ಮೊದಲು ಆಳು ಕಳುಹಿಸಿ ವಿಚಾರಿಸುತ್ತಿದ್ದರು. ಇಂದು ಸಂದೇಶ ಕಳುಹಿಸುವುದು ಅಗ್ಗವಾಗಿರುವುದರಿಂದ ವಿಚಾರಿಸುವ ಮೊದಲೇ ಇನ್ನೊಮ್ಮೆ ಕಳುಹಿಸುವ ಚಟ ಬೆಳೆದಿದೆ.

ಯುಪಿಐನಲ್ಲಿ ಒಂದು ಪಾವತಿ ಎಂದರೆ ಗ್ರಾಹಕರ ಆ್ಯಪ್, ಆ ಆ್ಯಪ್‌ಗೆ ಸೇವೆ ಒದಗಿಸುವ ಬ್ಯಾಂಕು, ನಡುವೆ ರಾಷ್ಟ್ರೀಯ ಪಾವತಿ ನಿಗಮದ ಕೇಂದ್ರ ವ್ಯವಸ್ಥೆ, ಹಣ ಕಡಿತ ಮಾಡುವ ಬ್ಯಾಂಕು, ಹಣ ಜಮೆ ಮಾಡುವ ಬ್ಯಾಂಕು, ಇಷ್ಟು ಕಡೆಗಳ ನಡುವಿನ ಸಂದೇಶ ವಿನಿಮಯ. ಕಡಿತ ಮೊದಲು, ಜಮೆ ಆಮೇಲೆ. ಕಡಿತವಾದ ಬಳಿಕ ಜಮೆ ಮಾಡಬೇಕಾದ ಬ್ಯಾಂಕಿನ ಉತ್ತರ ಬಾರದಿದ್ದರೆ ವ್ಯವಹಾರವು ಮೂರನೆಯ ಸ್ಥಿತಿಯಲ್ಲಿ ನಿಲ್ಲುತ್ತದೆ. ಅದನ್ನು ಬಿಡಿಸುವುದು ಅನಂತರದ ಲೆಕ್ಕ ತಾಳೆಯ ಕೆಲಸ. ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇದಕ್ಕೆ ಗಡುವು ಹಾಕಿತು. ಒಬ್ಬರಿಂದ ಇನ್ನೊಬ್ಬರಿಗೆ ಹಣ ವರ್ಗಾಯಿಸುವಾಗ ಕಡಿತವಾಗಿ ಜಮೆಯಾಗದಿದ್ದರೆ ವ್ಯವಹಾರದ ಮರುದಿನದೊಳಗೆ ಹಣ ತಾನಾಗಿ ಹಿಂದಿರುಗಬೇಕು. ವರ್ತಕರಿಗೆ ಮಾಡಿದ ಪಾವತಿಯಲ್ಲಿ ಖಾತೆಯಿಂದ ಕಡಿತವಾಗಿ ಅಂಗಡಿಗೆ ಖಚಿತಪಡಿಕೆ ಬಾರದಿದ್ದರೆ ಐದು ದಿನಗಳೊಳಗೆ ಹಿಂದಿರುಗಬೇಕು. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರಿಗೆ ಪರಿಹಾರ. ಅಂಗಡಿಯಲ್ಲಿ ಎದುರು ನಿಂತ ಗ್ರಾಹಕರಿಗೆ ಈ ನಿಯಮವನ್ನು ಸಮಾಧಾನದಿಂದ ತಿಳಿಸಬಲ್ಲ ಗುಮಾಸ್ತರಿದ್ದರೆ ಅರ್ಧ ಜಗಳ ಅಲ್ಲಿಗೇ ಇಳಿಯುತ್ತದೆ.

ವಿಚಾರಣೆಯೇ ಹೊರೆಯಾದ ದಿನ

ಇನ್ನೊಮ್ಮೆ ಕಳುಹಿಸದೆ ವಿಚಾರಿಸುವುದು ಸರಿಯಾದ ಮಾರ್ಗವೆಂದ ಮಾತ್ರಕ್ಕೆ ಎಷ್ಟು ಬಾರಿಯಾದರೂ ವಿಚಾರಿಸಬಹುದು ಎಂದಲ್ಲ. 2025ರ ಏಪ್ರಿಲ್ 12ರಂದು, ಶನಿವಾರದ ವ್ಯಾಪಾರದ ಹೊತ್ತಿನಲ್ಲಿ, ದೇಶದಾದ್ಯಂತ ಯುಪಿಐ ಪಾವತಿಗಳು ಹಲವು ಗಂಟೆ ಕಾಲ ತೊಡಕಿಗೆ ಸಿಲುಕಿದವು. ಪಾವತಿ ನಿಗಮವು ಗುರುತಿಸಿದ ಕಾರಣ ಗಮನಾರ್ಹವಾಗಿದೆ. ಪಾವತಿಗಳ ಸಂಖ್ಯೆ ಹೆಚ್ಚಾದದ್ದು ಮೂಲ ಕಾರಣವಾಗಿರಲಿಲ್ಲ, "ಆ ವ್ಯವಹಾರ ಏನಾಯಿತು?" ಎಂದು ಕೇಳುವ ಸ್ಥಿತಿ ವಿಚಾರಣೆಯ ಸಂದೇಶಗಳು ಪ್ರವಾಹದಂತೆ ನುಗ್ಗಿದ್ದವು. ಕೆಲವು ಬ್ಯಾಂಕುಗಳ ವ್ಯವಸ್ಥೆಗಳು ಹಳೆಯ ವ್ಯವಹಾರಗಳ ಬಗೆಗೂ ಪದೇ ಪದೇ ಕೇಳುತ್ತಿದ್ದವು. ಉತ್ತರ ನಿಧಾನವಾದಷ್ಟೂ ಹೆಚ್ಚು ಕೇಳುವುದು, ಹೆಚ್ಚು ಕೇಳಿದಷ್ಟೂ ಉತ್ತರ ಇನ್ನಷ್ಟು ನಿಧಾನವಾಗುವುದು ಎಂಬ ವಿಷವರ್ತುಲ ಅದು. ಕಿಟಕಿಯಲ್ಲಿ ಒಬ್ಬನೇ ಗುಮಾಸ್ತ ಕುಳಿತಿರುವ ಕಚೇರಿಯಲ್ಲಿ, ಸಾಲಿನಲ್ಲಿರುವ ಪ್ರತಿಯೊಬ್ಬರೂ ಅರೆ ನಿಮಿಷಕ್ಕೊಮ್ಮೆ "ನನ್ನದು ಆಯಿತೇ?" ಎಂದು ಕೇಳಲಾರಂಭಿಸಿದರೆ ಯಾರದೂ ಆಗುವುದಿಲ್ಲ.

ಆ ವರ್ಷವೇ ನಿಯಮಗಳು ಬದಲಾದವು. 2025ರ ಜೂನ್ 16ರಿಂದ ಪಾವತಿ ಸಂದೇಶಕ್ಕೆ ಉತ್ತರ ನೀಡುವ ಮಿತಿಯನ್ನು 30 ಸೆಕೆಂಡಿನಿಂದ 15ಕ್ಕೂ, ಸ್ಥಿತಿ ವಿಚಾರಣೆಯ ಮಿತಿಯನ್ನು 30ರಿಂದ 10 ಸೆಕೆಂಡಿಗೂ ಇಳಿಸಲಾಯಿತು. ಆಗಸ್ಟ್ 1ರಿಂದ ಒಂದು ಬಾಕಿ ವ್ಯವಹಾರದ ಸ್ಥಿತಿಯನ್ನು ಮೂರು ಬಾರಿ ಮಾತ್ರ, ಅದೂ 90 ಸೆಕೆಂಡುಗಳ ಅಂತರದಲ್ಲಿ ಕೇಳಬೇಕೆಂಬ ಕಟ್ಟುಪಾಡು ಬಂತು. ಪರದೆಯ ಮೇಲಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಗ್ರಾಹಕರಿಗೂ ಅಂಗಡಿಯ ಹುಡುಗರಿಗೂ ಇದನ್ನು ತಿಳಿಸಿ ಹೇಳುವ ಅಗತ್ಯವಿದೆ.

ಉಗ್ರಾಣಕ್ಕೆ ಹೋದ ಹುಡುಗ

ಇದುವರೆಗೆ ಹೇಳಿದ್ದು ಕೊನೆಯ ತುದಿಯಲ್ಲಿ ಕಾಯುವವರ ವಿಷಯ. ವ್ಯವಸ್ಥೆಯ ಒಳಗೇ ಇನ್ನೊಂದು ಬಗೆಯ ಕಾಯುವಿಕೆ ಇದೆ. ಹಲವು ಶಾಖೆ, ಹಲವು ತಂತ್ರಾಂಶಗಳ ನಡುವೆ ಸಂದೇಶಗಳನ್ನು ಸಾಗಿಸಲು ದೊಡ್ಡ ಸಂಸ್ಥೆಗಳು ಬಳಸುವ ತಂತ್ರಾಂಶಗಳಲ್ಲಿ ಅಪಾಚೆ ಕಾಫ್ಕಾ ಪ್ರಮುಖವಾದುದು. ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರ ಬಳಕೆಗೆ ಮುಕ್ತವಾದ ಇದನ್ನು ಕಿರ್ದಿ ಪುಸ್ತಕಕ್ಕೆ ಹೋಲಿಸಬಹುದು. ಬಂದ ಸಂದೇಶಗಳನ್ನೆಲ್ಲ ಬಂದ ಕ್ರಮದಲ್ಲಿಯೇ, ಕ್ರಮಸಂಖ್ಯೆ ಹಾಕಿ ಬರೆದಿಡುತ್ತದೆ, ನಡುವೆ ತಿದ್ದುವಂತಿಲ್ಲ. ಓದುವವರು "10,501ರಿಂದ ಮುಂದಿನದನ್ನು ಕೊಡಿ" ಎಂದು ಕೇಳಿ ಪಡೆಯುತ್ತಾರೆ.

ಪುಸ್ತಕ ಬೆಳೆದಂತೆ ಹಳೆಯ ಹಾಳೆಗಳಿಗೆ ಜಾಗ ಬೇಕು. ಸರ್ವರಿನ ಹತ್ತಿರದ ಡಿಸ್ಕು ದುಬಾರಿ. ಆದುದರಿಂದ ಇತ್ತೀಚಿನ ಸಂದೇಶಗಳನ್ನು ಹತ್ತಿರವೂ, ಹಳೆಯವನ್ನು ಅಗ್ಗದ ದೂರದ ಸಂಗ್ರಹದಲ್ಲಿಯೂ ಇಡುವ ಎರಡು ಅಂತಸ್ತಿನ ಏರ್ಪಾಡನ್ನು ಕಾಫ್ಕಾಕ್ಕೆ ಸೇರಿಸಲಾಯಿತು. 2023ರ 3.6ನೇ ಆವೃತ್ತಿಯಲ್ಲಿ ಅದು ಪ್ರಾಯೋಗಿಕವಾಗಿ ಬಂದು, 2024ರ 3.9ನೇ ಆವೃತ್ತಿಯಲ್ಲಿ ನಿತ್ಯದ ಬಳಕೆಗೆ ಸಿದ್ಧವೆಂದು ಘೋಷಿತವಾಯಿತು. ಅಂಗಡಿಯ ಮುಂಭಾಗದ ಕಪಾಟು ಮತ್ತು ಊರ ಹೊರಗಿನ ಉಗ್ರಾಣ ಎಂಬ ವ್ಯವಸ್ಥೆಯನ್ನು ಬಲ್ಲ ವರ್ತಕರಿಗೆ ಇದರಲ್ಲಿ ಹೊಸದೇನೂ ಇಲ್ಲ.

ತೊಡಕು ಬಂದದ್ದು ಕಾಯುವ ಅವಧಿಯಲ್ಲಿ. ಓದುವವರು ಕೇಳಿದಾಗ ಹೊಸ ಸಂದೇಶ ಇನ್ನೂ ಬಂದಿರದಿದ್ದರೆ ಸರ್ವರು ಒಡನೆ ಬರಿಗೈಯಲ್ಲಿ ಕಳುಹಿಸದೆ ಸ್ವಲ್ಪ ಹೊತ್ತು ತಡೆದು ನೋಡುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಈ ತಡೆಯುವ ಅವಧಿ 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡು. ಹೊಸ ಸರಕು ಬರುವುದನ್ನು ಕಾಯಲೆಂದು ಗೊತ್ತುಪಡಿಸಿದ್ದ ಈ ಅವಧಿಯೇ ದೂರದ ಸಂಗ್ರಹದಿಂದ ಹಳೆಯ ಸರಕು ತರಿಸುವ ಕೆಲಸಕ್ಕೂ ಅನ್ವಯವಾಯಿತು. ಹತ್ತಿರದ ಡಿಸ್ಕಿಗೆ ಅರ್ಧ ಸೆಕೆಂಡು ಧಾರಾಳ. ದೂರದ ಸಂಗ್ರಹ ನಿಧಾನಿಸಿದ ದಿನ ಅದು ಸಾಲದು.

ಪರಿಣಾಮವನ್ನು ಉಗ್ರಾಣದ ಉದಾಹರಣೆಯಿಂದಲೇ ನೋಡಬಹುದು. ಮಾಲಕರು ಹುಡುಗನನ್ನು ಉಗ್ರಾಣಕ್ಕೆ ಕಳುಹಿಸಿ, ಐದು ನಿಮಿಷದಲ್ಲಿ ಬಾರದಿದ್ದರೆ ವಾಪಸು ಕರೆಯುವುದೆಂದು ನಿಶ್ಚಯಿಸಿದ್ದಾರೆ. ಉಗ್ರಾಣಕ್ಕೆ ಹೋಗಿಬರಲು ಎಂಟು ನಿಮಿಷ ಬೇಕು. ಹುಡುಗ ಚೀಲ ಹೆಗಲಿಗೇರಿಸುವ ಹೊತ್ತಿಗೆ ಫೋನ್ ಬರುತ್ತದೆ, "ಬಿಟ್ಟು ಬಾ". ಬರಿಗೈಯಲ್ಲಿ ಬಂದವನನ್ನು ಮತ್ತೆ ಅದೇ ಚೀಲಕ್ಕಾಗಿ ಕಳುಹಿಸುತ್ತಾರೆ, ಮತ್ತೆ ಐದು ನಿಮಿಷಕ್ಕೆ ಕರೆಯುತ್ತಾರೆ. ಸಂಜೆಯವರೆಗೆ ಹುಡುಗ ಓಡಾಡಿದ್ದಾನೆ, ದಣಿದಿದ್ದಾನೆ. ಚೀಲ ಮಾತ್ರ ಉಗ್ರಾಣದಲ್ಲಿಯೇ ಇದೆ. ಕಾಫ್ಕಾದಲ್ಲಿ ಆಗುತ್ತಿದ್ದುದು ಹೆಚ್ಚುಕಡಿಮೆ ಇದೇ. ಅವಧಿ ಮುಗಿದೊಡನೆ ದೂರದ ಓದು ರದ್ದಾಗುತ್ತಿತ್ತು, ಓದುವವರು ಅದೇ ಕ್ರಮಸಂಖ್ಯೆಯಿಂದ ಮತ್ತೆ ಕೇಳುತ್ತಿದ್ದರು, ಮತ್ತೆ ರದ್ದಾಗುತ್ತಿತ್ತು. ಯಂತ್ರಗಳು ದುಡಿಯುತ್ತಿದ್ದರೂ ಓದು ಒಂದು ಸಂದೇಶದಷ್ಟೂ ಮುಂದೆ ಸಾಗದೆ ಇರಬಹುದಿತ್ತು.

ಓದುವವರೇ ತಮ್ಮ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಸಹಜ. ಹಾಗೆ ಮಾಡಿದರೆ ಹತ್ತಿರದ ಓದಿಗೂ ಅದೇ ಅವಧಿ ಅನ್ವಯವಾಗಿ, ಹೊಸ ಸಂದೇಶ ವಿರಳವಾಗಿರುವ ಕಡೆ ಅನಗತ್ಯ ಕಾಯುವಿಕೆ ಹೆಚ್ಚುತ್ತದೆ. ಮೇಲಾಗಿ ತಾವು ಕೇಳಿದ ಹಾಳೆ ಕಪಾಟಿನಲ್ಲಿದೆಯೋ ಉಗ್ರಾಣದಲ್ಲಿದೆಯೋ ಎಂಬುದು ಓದುವವರಿಗೆ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಸರ್ವರಿಗೆ. ಆದುದರಿಂದ 2024ರಲ್ಲಿ ಬಂದ 3.8ನೇ ಆವೃತ್ತಿಯಲ್ಲಿ ದೂರದ ಓದಿಗೆ ಪ್ರತ್ಯೇಕ ಕಾಲಮಿತಿಯನ್ನು ಸರ್ವರಿನಲ್ಲಿಯೇ ಗೊತ್ತುಪಡಿಸುವ ಅವಕಾಶ ಒದಗಿಸಲಾಯಿತು. ದೂರ ಎಷ್ಟೆಂದು ಬಲ್ಲವರೇ ಗಡುವು ಹಾಕುವುದು. ಉಗ್ರಾಣದ ದಾರಿ ತಿಳಿಯದ ಗಿರಾಕಿಗೆ ಆ ಕೆಲಸ ಬಿಟ್ಟರೆ ಆಗದು.

ಹಾಗೆಂದು ಅವಧಿಯನ್ನು ಮನಬಂದಂತೆ ಉದ್ದ ಮಾಡುವುದೂ ತರವಲ್ಲ. ಬೇರೆ ಸೂಚನೆ ಇಲ್ಲದಿದ್ದರೆ ಕಾಫ್ಕಾದ ಒಂದು ಸರ್ವರಿನಲ್ಲಿ ದೂರದಿಂದ ತರುವ ಕೆಲಸಕ್ಕೆ ಇರುವ ಕೈಗಳು ಹತ್ತು; ಸರತಿಯಲ್ಲಿ ಕಾಯಬಹುದಾದ ಕೆಲಸಗಳು ನೂರು. ಹತ್ತೂ ಕೈಗಳು ನಿಧಾನದ ಕೆಲಸದಲ್ಲಿ ಸಿಕ್ಕಿಬಿದ್ದರೆ ಹನ್ನೊಂದನೆಯವರು ಸರತಿಯಲ್ಲಿ ನಿಲ್ಲುತ್ತಾರೆ, ಅವರ ಕಾಲಮಿತಿಯ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಸಂಗ್ರಹ ನಿಧಾನವಾಗಿದೆಯೋ ಅಥವಾ ಕೈಗಳು ಸಾಲದೆ ಸರತಿ ಬೆಳೆದಿದೆಯೋ ಎಂಬುದನ್ನು ಅಳೆದು ನೋಡದೆ ಅವಧಿ ಹೆಚ್ಚಿಸಿದರೆ ರೋಗ ಒಂದು, ಮದ್ದು ಇನ್ನೊಂದು.

ದೂರದ ಭಂಡಾರವೆಂದರೆ ನಿಧಾನ ಎಂಬುದಕ್ಕೆ ಮೂಡುಬಿದಿರೆಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಜೈನ ಸಿದ್ಧಾಂತ ಗ್ರಂಥಗಳಾದ ಧವಲಾ, ಜಯಧವಲಾ, ಮಹಾಧವಲಾಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಇಲ್ಲಿನ ಬಸದಿಯ ಭಂಡಾರದಲ್ಲಿ ಮಾತ್ರ ಉಳಿದಿದ್ದವು. ಉತ್ತರದ ವಿದ್ವಾಂಸರಿಗೆ ಅವುಗಳ ಅಗತ್ಯ ಬಿದ್ದಾಗ ನಕಲು ತೆಗೆಯುವ ಕಾರ್ಯಕ್ಕೆ ದಶಕಗಳೇ ಬೇಕಾದವು. ಮುದ್ರಣ ಆರಂಭವಾದದ್ದು 1939ರಲ್ಲಿ. ತಡವಾಯಿತೆಂದು ಅರ್ಧಕ್ಕೆ ಬಿಟ್ಟು ಮೊದಲ ಗರಿಯಿಂದ ಮತ್ತೆ ಆರಂಭಿಸುತ್ತ ಹೋಗಿದ್ದರೆ ಆ ಗ್ರಂಥಗಳು ಇಂದಿಗೂ ಅಚ್ಚಾಗುತ್ತಿರಲಿಲ್ಲ.

ಎರಡು ಬಾರಿ ಕಳುಹಿಸಿದರೂ ಒಂದೇ ಬಾರಿ ಸಲ್ಲುವಂತೆ

ಎಷ್ಟೇ ಎಚ್ಚರ ವಹಿಸಿದರೂ ಕೆಲವೊಮ್ಮೆ ಅದೇ ವಿನಂತಿಯನ್ನು ಇನ್ನೊಮ್ಮೆ ಕಳುಹಿಸಲೇಬೇಕಾಗುತ್ತದೆ. ಆಗ ಕೆಲಸ ಎರಡು ಬಾರಿ ನಡೆಯದಂತೆ ನೋಡಿಕೊಳ್ಳುವ ಉಪಾಯವು ಭಾರತದ ವರ್ತಕರಿಗೆ ಹಳೆಯದು. ಹುಂಡಿಯ ವ್ಯವಹಾರದಲ್ಲಿ ಮೂಲ ಹುಂಡಿ ಕಳೆದುಹೋದರೆ ಕೊಡುತ್ತಿದ್ದ ಎರಡನೆಯ ಪ್ರತಿಗೆ ಪೇಠ್ ಎಂದೂ, ಅದೂ ಕಳೆದರೆ ಕೊಡುವ ಮೂರನೆಯದಕ್ಕೆ ಪರ್‌ಪೇಠ್ ಎಂದೂ ಹೆಸರು. ಎರಡನೆಯದರಲ್ಲಿ ಮೊದಲನೆಯದರ ಉಲ್ಲೇಖ ಇರುತ್ತಿತ್ತು. ಯಾವುದಾದರೂ ಒಂದಕ್ಕೆ ಹಣ ಸಂದಾಯವಾದರೆ ಉಳಿದವು ನಿರರ್ಥಕ. ಪ್ರತಿ ಎಷ್ಟಿದ್ದರೂ ಋಣ ಒಂದೇ.

ಇಂದಿನ ಇ-ಇನ್‌ವಾಯ್ಸ್ ವ್ಯವಸ್ಥೆಯೂ ಇದೇ ತತ್ವದ ಮೇಲೆ ನಿಂತಿದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ಯಮಗಳಿಗೆ ಇದು ಕಡ್ಡಾಯವಾಗಿರುವುದರಿಂದ ಈ ಭಾಗದ ಅನೇಕ ಗೇರುಬೀಜ ಕಾರ್ಖಾನೆಗಳಿಗೂ ಅಡಿಕೆ ವರ್ತಕರಿಗೂ ಇದರ ಪರಿಚಯವಿದೆ. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ, ಈ ನಾಲ್ಕರಿಂದ 64 ಅಕ್ಷರಗಳ ಗುರುತುಸಂಖ್ಯೆಯೊಂದು ಸಿದ್ಧವಾಗುತ್ತದೆ. ಉತ್ತರ ಬಾರದೆ ಅದೇ ಬಿಲ್ಲನ್ನು ಇನ್ನೊಮ್ಮೆ ಕಳುಹಿಸಿದರೆ ನಾಲ್ಕೂ ವಿವರ ಒಂದೇ ಆಗಿರುವುದರಿಂದ ಗುರುತುಸಂಖ್ಯೆಯೂ ಒಂದೇ. ಪೋರ್ಟಲ್ ಅದನ್ನು ನಕಲೆಂದು ತಿರಸ್ಕರಿಸುತ್ತದೆ. ಈ ತಿರಸ್ಕಾರದ ಸಂದೇಶ ಕಂಡು ಗಾಬರಿಯಾಗುವ ಗುಮಾಸ್ತರಿದ್ದಾರೆ. ವಾಸ್ತವದಲ್ಲಿ ಅದು ಶುಭ ಸಮಾಚಾರ. ಮೊದಲ ಬಾರಿ ಕಳುಹಿಸಿದ್ದು ತಲಪಿದೆ ಎಂದೇ ಅದರ ಅರ್ಥ. ಮಾಡಬಾರದ ಕೆಲಸವೆಂದರೆ ಬಿಲ್ಲಿಗೆ ಹೊಸ ಸಂಖ್ಯೆ ಕೊಟ್ಟು ಮತ್ತೆ ಕಳುಹಿಸುವುದು. ಆಗ ಒಂದೇ ಸರಕಿಗೆ ಎರಡು ಬಿಲ್ಲುಗಳಾಗಿ, ಇಲ್ಲದ ಮಾರಾಟಕ್ಕೆ ತೆರಿಗೆಯ ಹೊಣೆ ಬೀಳುತ್ತದೆ.

ಮೂರು ಶಾಖೆಗಳ ಅಂಗಡಿ

ಬಂಟ್ವಾಳದಲ್ಲಿ ಪ್ರಧಾನ ಅಂಗಡಿ, ಬೆಳ್ತಂಗಡಿ ಮತ್ತು ಮೂಡುಬಿದಿರೆಗಳಲ್ಲಿ ಶಾಖೆಗಳಿರುವ ದಿನಸಿ ವರ್ತಕರೊಬ್ಬರನ್ನು ಊಹಿಸಿಕೊಳ್ಳಬಹುದು. ಅವರಿಗೆ ಕಾಫ್ಕಾದ ಅಗತ್ಯ ಬೀಳದು. ಮೂರೂ ಕಡೆಯ ಬಿಲ್ಲುಗಳು ಒಂದು ಸಣ್ಣ ಸಂದೇಶ ಸರತಿಯ ಮೂಲಕ ಪ್ರಧಾನ ಅಂಗಡಿಗೆ ಬಂದು, ಅಲ್ಲಿಂದ ಕ್ಲೌಡ್‌ಗೆ ಸೇರಿದರೆ ಸಾಕು. ಆದರೆ ಮೇಲಿನ ತೊಡಕುಗಳೆಲ್ಲ ಅವರಿಗೂ ಇವೆ.

ಮಳೆಗಾಲದಲ್ಲಿ ಚಾರ್ಮಾಡಿಯ ತಪ್ಪಲಿನ ಕಡೆ ಮರ ಬಿದ್ದು ವಿದ್ಯುತ್ತೂ ಇಂಟರ್‌ನೆಟ್ಟೂ ಹೋಗುವುದು ವಿಶೇಷವಲ್ಲ. ಬೆಳ್ತಂಗಡಿಯ ಶಾಖೆ ಆಗ ವ್ಯಾಪಾರ ನಿಲ್ಲಿಸುವಂತಿಲ್ಲ. ಬಿಲ್ಲು ಮೊದಲು ಅಲ್ಲಿನ ಕಂಪ್ಯೂಟರಿನಲ್ಲಿಯೇ, ಶಾಖೆಯ ಅಕ್ಷರ ಸೇರಿದ ಸ್ವಂತ ಸಂಖ್ಯೆಯೊಂದಿಗೆ ದಾಖಲಾಗಬೇಕು. ಸಂಪರ್ಕ ಬಂದಾಗ ಅದೇ ಸಂಖ್ಯೆಯೊಂದಿಗೆ ಮುಂದೆ ಸಾಗಬೇಕು. ಪ್ರಧಾನ ಅಂಗಡಿಯಲ್ಲಿ ಸಂಖ್ಯೆ ಹಾಕುವ ಪದ್ಧತಿ ಇದ್ದರೆ ಒಂದೇ ಬಿಲ್ಲು ಎರಡು ಸಂಖ್ಯೆ ಪಡೆದು ದಾಸ್ತಾನಿನ ಲೆಕ್ಕ ತಪ್ಪುವುದು ಖಂಡಿತ. ವಿದ್ಯುತ್ತು ಬಂದ ಕ್ಷಣದಲ್ಲಿ ಸುತ್ತಮುತ್ತಲಿನ ಎಲ್ಲ ಅಂಗಡಿಗಳ ಯಂತ್ರಗಳೂ ಒಮ್ಮೆಲೇ ಎಚ್ಚೆತ್ತು ಬಾಕಿ ಸಂದೇಶಗಳನ್ನು ಸುರಿಯುತ್ತವೆ ಎಂಬುದನ್ನೂ ನೆನಪಿಡಬೇಕು. ಮೊದಲ ಯತ್ನ ವಿಫಲವಾದರೆ ಒಂದು ನಿಮಿಷ, ಅನಂತರ ಎರಡು, ಅನಂತರ ನಾಲ್ಕು ಎಂದು ಅಂತರ ಹೆಚ್ಚಿಸುತ್ತ, ಅದರಲ್ಲಿಯೂ ಕೆಲವು ಸೆಕೆಂಡುಗಳನ್ನು ಯಾದೃಚ್ಛಿಕವಾಗಿ ಹಿಂದುಮುಂದು ಮಾಡುವ ತಂತ್ರಾಂಶ ಉತ್ತಮ. ಎಲ್ಲರೂ ಒಟ್ಟಿಗೇ ಬಾಗಿಲು ತಟ್ಟಿದರೆ ಬಾಗಿಲು ತೆರೆಯುವವರಿಗೇ ಕಷ್ಟ.

ಹಳೆಯ ಬಿಲ್ಲುಗಳ ಪ್ರಶ್ನೆ ಬೇರೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳವರೆಗೆ ಕಾಪಾಡಬೇಕು. ಇಷ್ಟು ವರ್ಷಗಳ ದಾಖಲೆ ದೂರದ ಅಗ್ಗದ ಸಂಗ್ರಹಕ್ಕೆ ಹೋಗುವುದು ಸಹಜ. ಇವತ್ತಿನ ಬಿಲ್ಲು ಹುಡುಕಲು ಎರಡು ಸೆಕೆಂಡು ಸಾಕಾದರೆ, ನಾಲ್ಕು ವರ್ಷ ಹಿಂದಿನದಕ್ಕೆ ಎರಡು ನಿಮಿಷ ಬೇಕಾಗಬಹುದು. ಇವೆರಡಕ್ಕೂ ಒಂದೇ ಕಾಲಮಿತಿ ಇಟ್ಟಿರುವ ತಂತ್ರಾಂಶವು "ದಾಖಲೆ ಸಿಗಲಿಲ್ಲ" ಎಂದು ತೋರಿಸಿಬಿಡುತ್ತದೆ. ಅಧಿಕಾರಿಗಳ ಎದುರು ಈ ನುಡಿ ತರುವ ಮುಜುಗರ ಹೇಳತೀರದು. ದಾಖಲೆ ಇದೆ, ತಲಪಲಿಲ್ಲ ಅಷ್ಟೇ. "ಇಲ್ಲ" ಎಂಬುದಕ್ಕೂ "ಇನ್ನೂ ಬಂದಿಲ್ಲ" ಎಂಬುದಕ್ಕೂ ಪರದೆಯ ಮೇಲೆ ಬೇರೆ ಬೇರೆ ಮಾತು ಇರಲೇಬೇಕೆಂದು ತಂತ್ರಾಂಶದವರಿಗೆ ಪಟ್ಟುಹಿಡಿದು ಹೇಳಬೇಕು.

ತಂತ್ರಾಂಶ ಕೊಳ್ಳುವ ಮುನ್ನ ಇದನ್ನು ಪರೀಕ್ಷಿಸಲು ಪರಿಣತರೇ ಬೇಕೆಂದಿಲ್ಲ. ಪ್ರದರ್ಶನಕ್ಕೆ ಬಂದವರ ಎದುರಿನಲ್ಲಿಯೇ ಬಿಲ್ಲು ಕಳುಹಿಸಿದ ಕ್ಷಣದಲ್ಲಿ ಇಂಟರ್‌ನೆಟ್ ತಂತಿಯನ್ನು ಕಿತ್ತು, ಎರಡು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿದರೆ ಸಾಕು. ಬಿಲ್ಲು ಒಂದೇ ಉಳಿಯಿತೇ, ಎರಡಾಯಿತೇ, ಕಾಣೆಯಾಯಿತೇ ಎಂಬುದು ಆಗಲೇ ತಿಳಿಯುತ್ತದೆ. ಲೆಕ್ಕ ಪರಿಶೋಧನೆಗೆಂದು ಹಳೆಯ ದಾಖಲೆಗಳನ್ನು ಸಗಟಾಗಿ ತರಿಸುವ ಕೆಲಸವನ್ನು ವ್ಯಾಪಾರದ ಹೊತ್ತಿನಲ್ಲಿ ಮಾಡದೆ ರಾತ್ರಿಗೆ ಇಡಬೇಕು. ಉಗ್ರಾಣಕ್ಕೆ ಓಡುವ ಕೈಗಳು ಎಲ್ಲ ಕಡೆಯೂ ಎಣಿಕೆಯವೇ.

ಕೊನೆಯದಾಗಿ ಗಲ್ಲಾಪೆಟ್ಟಿಗೆಯ ವಿಷಯ. ದಿನದ ಲೆಕ್ಕದಲ್ಲಿ ಬಂದ ಹಣ, ಬಾರದ ಹಣ ಎಂಬ ಎರಡು ಕಲಮುಗಳ ಜೊತೆಗೆ "ಖಚಿತವಾಗದ್ದು" ಎಂಬ ಮೂರನೆಯ ಕಲಮು ತೆರೆಯುವುದು ಒಳಿತು. ಗ್ರಾಹಕರ ಪರದೆಯ ಮೇಲೆ ಕಾಣುವ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ, ಮೊತ್ತ, ವೇಳೆ ಮತ್ತು ಅವರ ಫೋನ್ ಸಂಖ್ಯೆ ಅಲ್ಲಿ ಬರೆಯಲ್ಪಡಬೇಕು. ಪರದೆಯ ಚಿತ್ರವನ್ನೋ ಎಸ್‌ಎಂಎಸ್‌ಅನ್ನೋ ನಂಬದೆ, ಮರುದಿನ ಬೆಳಿಗ್ಗೆ ಸ್ವಂತ ಬ್ಯಾಂಕ್ ಖಾತೆಯ ವಿವರದೊಡನೆ ಆ ಸಂಖ್ಯೆಯನ್ನು ತಾಳೆ ನೋಡಿ ಒಂದೊಂದನ್ನೂ ಹೊಡೆದುಹಾಕಬೇಕು. ಪರಿಚಿತ ಗ್ರಾಹಕರಾದರೆ ಸಾಮಾನು ಕೊಟ್ಟು ಕಾಯಬಹುದು, ಅಪರಿಚಿತರಾದರೆ ಸಾಮಾನು ಎತ್ತಿಟ್ಟು ಕಾಯಬಹುದು. ಅದು ಆಯಾ ಅಂಗಡಿಯವರ ವಿವೇಚನೆಗೆ ಬಿಟ್ಟದ್ದು. ಐದು ದಿನ ಕಳೆದರೂ ಆ ಕಲಮಿನಲ್ಲಿ ಉಳಿದ ಸಂಖ್ಯೆಗಳಿದ್ದರೆ ಅವನ್ನು ಹಿಡಿದುಕೊಂಡು ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. ದೂರಿನಲ್ಲಿ 2019ರ ಸುತ್ತೋಲೆಯ ದಿನಾಂಕವನ್ನು ನಮೂದಿಸಲು ಮರೆಯಬಾರದು.